ಮೊದಲು ಬಂದ ಕ್ರಿಯಾಪದ

ಮಂಡ್ಯದ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದ ರಂಗನಾಯಕಿ ಹಟದ ಹೆಂಗಸು. ೧೯೭೬ರಲ್ಲಿ ಆಕೆಗೂ ಇನ್ನಿಬ್ಬರು ಮೇಷ್ಟ್ರುಗಳಿಗೂ ಒಂದು ಕೆಲಸ ಬಿತ್ತು. ಎಲ್ಲ ಲೆಕ್ಕವನ್ನೂ, ಕೊಟ್ಟದ್ದಕ್ಕೆ ಉತ್ತರ ಕೊಡುವ ಫಂಕ್ಷನ್ನುಗಳಾಗಿಯೇ ಬರೆಯುವ ಒಂದು ಕಂಪ್ಯೂಟರ್ ಭಾಷೆಯನ್ನು ಅವರು ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ಇಳಿಸಿದ್ದರು. ಒಂದೊಂದು ಕಾಲೇಜಿನವರು ಒಂದೊಂದು ಥರ ಬರೆಯತೊಡಗಿದ್ದರಿಂದ, ಈಗ ಎಲ್ಲರಿಗೂ ಒಂದೇ ಕಟ್ಟಳೆ ಮಾಡಬೇಕಿತ್ತು.

ಜಗಳ ಹತ್ತಿದ್ದು ಪದಗಳ ಸರದಿಯ ಮೇಲೆ. ಮೂಲದಲ್ಲಿದ್ದಂತೆ ‘ಕೂಡು ಎರಡು ಮೂರು’ ಎನ್ನಬೇಕೋ, ‘ಎರಡು ಮೂರು ಕೂಡು’ ಎನ್ನಬೇಕೋ?

“ವಸ್ತು ಮೊದಲು ಬರಲಿ,” ಅಂದರು ವೈದ್ಯನಾಥಪುರದಿಂದ ಬರುತ್ತಿದ್ದ ಕಸ್ತೂರಿರಂಗ. “ಬರೀ ‘ಕೊಡು’ ಅಂದು ನಿಲ್ಲಿಸಿದರೆ ಕೇಳಿದವನು ಏನು ಮಾಡಬೇಕು? ಯಾರಿಗೆ, ಏನನ್ನ?”

“ನಿಲ್ಲಿಸೋದು ಯಾಕ್ರೀ? ಮುಂದಿನದು ಬಂದೇ ಬರುತ್ತೆ,” ಅಂದಳು ರಂಗನಾಯಕಿ.

“ಬರದೆ ಹೋದರೆ?”

ಹಿರಿಯರಾದ ವೆಂಕಟೇಶಮೂರ್ತಿ ನಕ್ಕುಬಿಟ್ಟರು. ಕೈ ಎತ್ತಿಸಿದಾಗ ಕಸ್ತೂರಿರಂಗ ಒಂಟಿಯಾದರು. ಎದ್ದು ಊರಿನ ಬಸ್ಸು ಹಿಡಿದರು. ಮದ್ದೂರಿನಲ್ಲಿ ಬಸ್ಸಿಳಿಯುವಾಗ ಅವರಿಗೆ ಲಕ್ವ ಹೊಡೆಯಿತು.

ಕೈಕಾಲು ಸುಧಾರಿಸಿದರೂ ಮಾತು ಕೆಟ್ಟಿದೆ ಎಂದು ಕೇಳಿ, ಒಂದು ಮಧ್ಯಾಹ್ನ ರಂಗನಾಯಕಿ ನೋಡಲು ಹೋದಳು.

“‘ತಾ’ ಅಂತಾರೆ, ‘ತೆಗಿ’ ಅಂತಾರೆ. ಏನನ್ನ ಅನ್ನೋದು ಬರೋದೇ ಇಲ್ಲ,” ಅಂದಳು ಹೆಂಡತಿ ಶ್ರೀಮತಿ. “ನಾನು ಒಂದೊಂದೇ ಹೆಸರು ಹೇಳ್ತೀನಿ. ಸರಿಯಾದ್ದಕ್ಕೆ ತಲೆ ಆಡಿಸ್ತಾರೆ.”

ರಂಗನಾಯಕಿ ಕುರ್ಚಿ ಎಳೆದು ಕೂತಳು. ಕಸ್ತೂರಿರಂಗ ಅವಳನ್ನು ನೋಡಿ, “ಕೂರಿಸು,” ಅಂದರು.

“ಕೂತಿದೀನಲ್ಲ ಸಾರ್.”

ಅವರ ದೃಷ್ಟಿ ಅವಳನ್ನು ದಾಟಿ ಬಾಗಿಲ ಕಡೆಗಿತ್ತು. ತೆಂಗಿನಕಾಯಿ ಇಳಿಸಿ ಜಗಲಿಯಲ್ಲಿ ಕೂತಿದ್ದ ಮುದ್ದಯ್ಯ ಒಳಗೆ ಇಣುಕಿದ.

“ನಿಮ್ಗಲ್ಲ ಕಣವ್ವ. ನೆನ್ನೇನೂ ಇಂಗೇ ಅಂದ್ರು. ಯಾರ್ನ ಅಂತ ಎಲ್ಲಾರ್ ಎಸ್ರೂ ಯೋಳುದ್ವಿ, ಊಹೂಂ. ಕೊನೀಗೆ ಬಾಗ್ಲತಾವ ಒಂದ್ ಮಣೆ ಆಕ್ದೆ. ಸುಮ್ಕಾದ್ರು.”

ಶ್ರೀಮತಿ ಬಾಗಿಲ ಬಳಿ ಮಣೆ ತಂದು ಹಾಕಿದಳು. ಕಸ್ತೂರಿರಂಗರ ಮುಖ ಸಡಿಲವಾಯಿತು. “ಕೊಡು,” ಅಂದರು. ಅವಳು ಒಂದು ಲೋಟ ಕಾಫಿಯನ್ನೂ ಮಣೆಯ ಮುಂದಿಟ್ಟಳು. ಗಂಡನ ಮಾತು ನಡೆಸಿದ ಸಮಾಧಾನದ ಹೊರತು ಅವಳ ಮುಖದಲ್ಲಿ ಬೇರೇನೂ ಇರಲಿಲ್ಲ. ಹೊರಗೆ ಮುದ್ದಯ್ಯ ಬೀಡಿ ಆರಿಸಿದ.

ಎಷ್ಟೋ ಹೊತ್ತಾದ ಮೇಲೆ ಕಸ್ತೂರಿರಂಗ ಅಂದರು: “ಕಳಿಸು.”

ಶ್ರೀಮತಿ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ನಡೆದಳು. ಹೊರಡಲೆಂದು ಅಲ್ಲಿ ನಿಂತಿದ್ದ ರಂಗನಾಯಕಿ ತನಗೇ ತಿಳಿಯದೆ ಪಕ್ಕಕ್ಕೆ ಸರಿದು, ಒಬ್ಬರು ಹಾಯುವಷ್ಟು ದಾರಿ ಬಿಟ್ಟಳು.

ಮುಂದಿನ ಸಭೆಯಲ್ಲಿ ಅವಳು ‘ಕೂಡು’ ಮೊದಲು ಬರಲಿ ಎಂದು ಕೊಟ್ಟಿದ್ದ ತನ್ನ ಒಪ್ಪಿಗೆ ಹಿಂದಕ್ಕೆ ಪಡೆದಳು.

“ಕಾರಣ ಹೇಳಮ್ಮ,” ಅಂದರು ವೆಂಕಟೇಶಮೂರ್ತಿ.

“ಕಸ್ತೂರಿರಂಗರು ಹೇಳಿದ್ದು ಸರಿ ಸಾರ್. ಅಷ್ಟೇ.”

ಉಳಿದಿದ್ದ ಇಬ್ಬರೂ ಒಬ್ಬರಿಗೊಬ್ಬರು ಎದುರಾದ್ದರಿಂದ ಕಟ್ಟಳೆ ಅಲ್ಲಿಗೇ ನಿಂತಿತು. ಕಾಲೇಜಿನವರು ತಂತಮ್ಮ ಇಷ್ಟದಂತೆ ಬರೆದುಕೊಂಡರು. ಯುಗಾದಿಗೆ ಮೊದಲೇ ಕಸ್ತೂರಿರಂಗ ತೀರಿಕೊಂಡರು. ಸುದ್ದಿ ತಂದ ಮುದ್ದಯ್ಯನನ್ನು ರಂಗನಾಯಕಿ ಕೊನೆಯ ಮಾತು ಏನೆಂದು ಕೇಳಿದಳು.

“‘ಬತ್ತೀನಿ’ ಅಂದ್ರಂತೆ ಕಣವ್ವ,” ಅಂದ ಅವನು. “ಮನೇವ್ರ್ ಯಾರ್ ಕಡೀಕೂ ನೋಡ್ನಿಲ್ವಂತೆ.”