ಮೂರನೆಯ ಕಿಂಡಿಯ ಹಲಗೆ

ತೋಡು ಎಂದು ನಾವು ಕರೆಯುವ ನಮ್ಮೂರಿನ ಸಣ್ಣ ಹಳ್ಳ ಪುತ್ತಿಗೆಯ ಕಡೆಗೆ ಇಳಿಯುವ ಮುಂಚೆ ಒಂದು ಕಿಂಡಿ ಅಣೆಕಟ್ಟು ಸಿಗುತ್ತದೆ. ಮಳೆ ನಿಂತ ಮೇಲೆ ಊರವರು ಸೇರಿ ಅದರ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತೇವೆ. ನಿಂತ ನೀರು ಮೇಲಿನ ನಮ್ಮ ಬಾವಿಗಳಿಗಾದರೆ, ಹರಿಯುವ ನೀರು ಕೆಳಗೆ ಗದ್ದೆಯಲ್ಲಿ ಸೌತೆ ಬೆಳೆಯುವ ಬ್ಯಾರಿ ಮುಸ್ಲಿಮರಿಗೆ. ಇದಕ್ಕಾಗಿ ಪ್ರತಿ ವರ್ಷ ಜಗಳ.

ಒಂದು ವರ್ಷ ಹಾಲಿನ ಸೊಸೈಟಿಯ ಜಗಲಿಯಲ್ಲಿ ಸಭೆ ಕೂತಾಗ ನಾನೇ ದಾರಿ ಹೇಳಿದೆ: ಮೂರನೆಯ ಕಿಂಡಿಗೆ ಮೇಲಿನ ಹಲಗೆ ಹಾಕುವುದು ಬೇಡ, ಅಲ್ಲಿಂದ ಕೆಳಗಿನವರ ಪಾಲು ಹರಿಯಲಿ. ನಡುನಡುವೆ ಅಜ್ಜನ ಕಾಲದ ನಾಲ್ಕು ಕಥೆ ಹೇಳಿ ನಗಿಸಿದೆ. ಎರಡೂ ಕಡೆಯವರು ಒಪ್ಪಿದರು.

ಬ್ಯಾರಿಗಳ ಹಿರಿಯ, ನಾವೆಲ್ಲ ಕಾಕ ಎನ್ನುವ ಸೌತೆ ಗದ್ದೆಯವರು ಎದ್ದು, ನನ್ನತ್ತ ಕೈ ತೋರಿಸಿ, "ನಮ್ಮ ಮಾಸ್ಟ್ರ ಬಾಯಿಗೆ ಸಕ್ಕರೆ ಹಾಕ್ಬೇಕು ಮಾರಾಯ್ರೆ. ಉಳಿದ ಹಲಗೆ ಅವರ ಕೊಟ್ಟಿಗೆಯಲ್ಲೇ ಇರ್ಲಿ" ಎಂದರು.

ಆ ಬೇಸಗೆಯಲ್ಲಿ ಮಗಳ ಮದುವೆ ಬಂತು. ಮನೆ ತುಂಬ ನೆಂಟರು, ಬಾವಿಯಲ್ಲಿ ಕೊಡ ಮುಳುಗುತ್ತಿರಲಿಲ್ಲ. ಒಂದು ಮಧ್ಯಾಹ್ನ, ಊರು ಉಂಡು ಮಲಗಿದ್ದಾಗ, ಕೊಟ್ಟಿಗೆಯಿಂದ ಹಲಗೆ ಹೊತ್ತು ಹೋಗಿ ಮೂರನೆಯ ಕಿಂಡಿಗೆ ಇಳಿಸಿದೆ. ಎರಡು ದಿನಕ್ಕೆ ಮಾತ್ರ ಎಂದು ನನಗೆ ನಾನೇ ಹೇಳಿಕೊಂಡೆ. ಮದುವೆ ಮುಗಿಯಿತು, ನೆಂಟರು ಹೊರಟರು. ಬಾವಿಯಲ್ಲಿ ನೀರು ಚೆನ್ನಾಗಿ ನಿಂತಿತ್ತು. ನಾನು ಹಲಗೆ ತೆಗೆಯಲಿಲ್ಲ.

ಆಮೇಲೊಂದು ದಿನ ಕಾಕ ಬಂದರು.

"ಮಾಸ್ಟ್ರೆ, ತೋಡಲ್ಲಿ ಒಂದು ಹನಿ ಇಲ್ಲ. ಹೂ ಬಿಟ್ಟ ಬಳ್ಳಿ ಬಾಡ್ತಾ ಉಂಟು. ಬಿಸು ಹಬ್ಬಕ್ಕೆ ದೇವರ ಮುಂದೆ ಕಣಿ ಇಡ್ಲಿಕ್ಕೆ ನಿಮ್ಮವರೆಲ್ಲ ನನ್ನ ಸೌತೆಯೇ ಕೇಳೋದಲ್ವಾ? ಮೇಲೆ ಯಾರಾದ್ರೂ ದೊಡ್ಡ ಪಂಪು ಹಾಕಿದ್ದಾರಾ?"

"ಈ ಸಲ ಒರತೆಯೇ ಕಡಿಮೆ ಕಾಕ" ಎಂದೆ. ಚಹಾ ಕೊಟ್ಟು, ಮದುವೆಮನೆಯ ಒಂದು ತಮಾಷೆ ಹೇಳಿದೆ. ಪಾಪ, ನಕ್ಕುಕೊಂಡೇ ಹೋದರು.

ಮೂರು ದಿನ ಕಳೆದು ಎಲ್ಲರೂ ಕೂಡಿ ತೋಡು ನೋಡಲು ಹೋದೆವು. ಹಲಗೆ ಅಲ್ಲೇ ಇತ್ತು. "ಯಾರ ಕೆಲಸ ಇದು?" ಎಂದು ಒಬ್ಬ ಕೂಗಿದ. ಕಾಕ ಹಲಗೆಯನ್ನೂ ನನ್ನ ಮುಖವನ್ನೂ ನೋಡಿದರು.

"ಮಕ್ಕಳಾಟ ಇರ್ಬೇಕು ಬಿಡಿ. ಎತ್ತುವ. ಮಾಸ್ಟ್ರೆ, ಆ ಬದಿ ಹಿಡೀರಿ" ಎಂದರು ಕಾಕ.

ಹಿಡಿದೆ. ನೀರು ಹೊರಟಿತು. ಆದರೆ ಆ ಹೊತ್ತಿಗೆ ಅವರ ಅರ್ಧ ಗದ್ದೆ ಒಣಗಿ ಮುಗಿದಿತ್ತು.

ಮರುದಿನ ಅವರು ಆಟೋ ತಂದು ಅಂಗಳದಲ್ಲಿ ನಿಲ್ಲಿಸಿದರು. "ಹಲಗೆ ನಮ್ಮಲ್ಲಿರ್ಲಿ ಮಾಸ್ಟ್ರೆ. ನಿಮಗೆ ಪ್ರಾಯ ಆಯ್ತು, ಹೊರ್ಲಿಕ್ಕೆ ಕಷ್ಟ."

ಅವರು ನನಗಿಂತ ಆರು ವರ್ಷ ದೊಡ್ಡವರು. ನಾನೇ ಹಾಕಿದ್ದು ಎನ್ನುವ ಎರಡು ಮಾತು ಸಾಕಿತ್ತು. ಅಷ್ಟು ಕಥೆ ಹೇಳುವ ನನ್ನ ಬಾಯಿಗೆ ಅದು ಬರಲಿಲ್ಲ. ಕೊಟ್ಟಿಗೆಯ ಬಾಗಿಲು ತೆರೆದು, ಹಲಗೆಗಳನ್ನು ಒಂದೊಂದಾಗಿ ಅವರ ಕೈಗೆ ದಾಟಿಸಿದೆ.