ಹೊಗೆ ಏಳದಿರಲಿ ಎಂದು ಕಾಯುವ ಬೆನೀತಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಮಾಡಿನ ಪಾಠದ ಕೋಣೆಯ ಮೆಟ್ಟಿಲ ಮೇಲೆ ಬೆನೀತಾ ಕಾಲ್ಮೊ ಕೂತಿದ್ದಾರೆ. ಮಡಿಲಲ್ಲಿ ಬೆಣ್ಣೆಹಣ್ಣಿನ ಬುಟ್ಟಿ. ಒಂದೊಂದನ್ನೂ ಬೆರಳಿನಿಂದ ಒತ್ತಿ, ಮಾಗಿದ್ದನ್ನು ಒಂದು ಕಡೆಗೆ, ಗಟ್ಟಿ ಕಾಯಿಯನ್ನು ಇನ್ನೊಂದು ಕಡೆಗೆ ಹಾಕುತ್ತಿದ್ದಾರೆ. ಕಣ್ಣು ಮಾತ್ರ ಬುಟ್ಟಿಯ ಮೇಲಿಲ್ಲ. ಕಂದರದ ಆಚೆ ಸೈಪ್ರೆಸ್ ಮರಗಳ ಕೆಳಗೆ ಒಂದು ಹೆಂಚಿನ ಮನೆ ಇದೆ. ಅದರ ಬಗಲಿಗೆ ಆವಿಸ್ನಾನಕ್ಕೆಂದು ಕಟ್ಟಿದ ಮಣ್ಣಿನ ಗಿಡ್ಡ ಆವಿಗೂಡು. ಅವರು ನೋಡುತ್ತಿರುವುದು ಅದನ್ನೇ.

"ನಿನ್ನ ಕಣ್ಣು ಎಳೇದು. ಹೊಗೆ ಕಂಡ್ರೆ ಹೇಳು" ಎನ್ನುತ್ತಾರೆ, ಪಾಠ ನೋಡಲು ಬಂದು ಪಕ್ಕದಲ್ಲಿ ಕೂತ ನನಗೆ.

ಆ ಮನೆಯಲ್ಲಿ ಮಾರ್ತಾ ಎಂಬ ಹುಡುಗಿಗೆ ಚೊಚ್ಚಲ ಹೆರಿಗೆ. ನಿನ್ನೆ ಸಂಜೆ ನೋವು ಶುರುವಾಯಿತೆಂದು ಸುದ್ದಿ ಬಂದಾಗ ಫೌಸ್ತೀನಾ ಚೀಲ ಹೆಗಲಿಗೇರಿಸಿಕೊಂಡು ಹೊಳೆ ದಾಟಿದಳು. ಬೆನೀತಾರ ಬಳಿ ಸೂಲಗಿತ್ತಿ ವಿದ್ಯೆ ಕಲಿಯುತ್ತಿರುವವರಲ್ಲಿ ಅವಳೇ ಕಿರಿಯಳು. ಒಬ್ಬಳೇ ಹೋದದ್ದು ಇದೇ ಮೊದಲು. ಅವಳು ದಾಟಿದ ಮೇಲೆ ಮಳೆ ಸುರಿದು ಮರದ ಸೇತುವೆ ಕೊಚ್ಚಿಹೋಯಿತು. ಆ ಕಡೆ ಫೋನು ಹಿಡಿಯುವುದಿಲ್ಲ. ಗಂಡಸರು ಹೊಸ ದಿಮ್ಮಿ ಹಾಸುವವರೆಗೆ ಕಾಯುವುದೊಂದೇ ದಾರಿ.

ಗ್ವಾಟೆಮಾಲಾದ ಈ ಪಡುವಣ ಬೆಟ್ಟಗಳಲ್ಲಿ ಹೆತ್ತವಳನ್ನು ಕೂಡಲೇ ಆವಿಗೂಡಿಗೆ ಕರೆದೊಯ್ಯುವುದು ಅಜ್ಜಿಯರ ಕಾಲದ ಪದ್ಧತಿ. ಹೆರಿಗೆಯಲ್ಲಿ ಮೈಯ ಕಾವೆಲ್ಲ ಸೋರಿಹೋಗುತ್ತದೆ, ಕಾದ ಕಲ್ಲಿನ ಆವಿ ಅದನ್ನು ಮರಳಿಸುತ್ತದೆ ಎನ್ನುತ್ತಾರೆ. ಬೆನೀತಾ ಆ ಮಾತನ್ನು ಹಳಿಯುವುದಿಲ್ಲ. ಅವರ ಮೂರು ಮಕ್ಕಳ ಬಾಣಂತನವೂ ಆವಿಗೂಡಿನಲ್ಲೇ ಆಯಿತು. ಆದರೆ ಅವರ ಅತ್ತಿಗೆ ಲೂಸಿಯಾ ತೀರಿಕೊಂಡದ್ದೂ ಅಲ್ಲಿಯೇ. ಕತ್ತಲಲ್ಲಿ, ಹಬೆಯಲ್ಲಿ ರಕ್ತ ನೀರಿನೊಂದಿಗೆ ಕಲ್ಲುಸಂದಿಗೆ ಇಳಿದುಹೋಯಿತು, ಯಾರಿಗೂ ಕಾಣಲಿಲ್ಲ. ಬಿಂದಿಗೆ ಹಿಡಿದು ಹೊರಗೆ ನಿಂತಿದ್ದ ಬೆನೀತಾ, ಒಳಗೆ ಮಾತು ನಿಂತಾಗ ಅತ್ತಿಗೆಗೆ ನಿದ್ದೆ ಬಂತೆಂದುಕೊಂಡರು.

ಆಮೇಲೆ ಅವರು ಪಟ್ಟಣಕ್ಕೆ ಹೋಗಿ ದಾದಿಯ ಸಹಾಯಕಿಯಾಗಿ ತರಬೇತಿ ಪಡೆದರು. ಆ ಪಾಠಗಳೆಲ್ಲ ಸ್ಪ್ಯಾನಿಷಿನಲ್ಲಿ. ಮನೆಮಾತಾದ ಮಾಮ್ ಭಾಷೆ ಮಾತ್ರ ಬಲ್ಲ ಹೆಂಗಸರು ಸಾಲಾಗಿ ಕೂತು ತಲೆಯಾಡಿಸುತ್ತಿದ್ದರು. ಕಲಿಸುವವರ ಎದುರು ‘ನನಗೆ ಅರ್ಥವಾಗಲಿಲ್ಲ’ ಎನ್ನುವುದು ಇಲ್ಲಿ ಅವರಿಗೆ ಅವಮಾನ ಮಾಡಿದ ಹಾಗೆ. "ನಾನೂ ಆಡಿಸ್ದೆ. ಎಲ್ರೂ ಪಾಸು. ಊರಿಗೆ ಬಂದು ಎಲ್ರೂ ಮೊದಲಿನ ಹಾಗೇ ಮಾಡಿದ್ವಿ" ಎನ್ನುತ್ತಾರೆ ಬೆನೀತಾ.

ಅದಕ್ಕೇ ಅವರ ಪಾಠ ಮಾಮ್ ಭಾಷೆಯಲ್ಲಿ, ಕೈಯಲ್ಲಿ ಮುಟ್ಟುವ ವಸ್ತುಗಳಲ್ಲಿ ನಡೆಯುತ್ತದೆ. ಹೆತ್ತ ಮೇಲೆ ಕಿಬ್ಬೊಟ್ಟೆ ಬೆಣ್ಣೆಹಣ್ಣಿನ ಕಾಯಿಯಷ್ಟು ಗಟ್ಟಿ ಇರಬೇಕು; ಮಾಗಿದ ಹಣ್ಣಿನಂತೆ ಮೆತ್ತಗಿದ್ದರೆ ಉಜ್ಜಬೇಕು, ಜನರನ್ನು ಕೂಗಬೇಕು. ಕೆಂಪು ದಾಸವಾಳದ ನೀರನ್ನು ಒಂದು ಚೊಂಬು ಬಿಳಿ ಬಟ್ಟೆಯ ಮೇಲೆ, ಇನ್ನೊಂದು ಚೊಂಬು ಕಲ್ಲುಗುಂಡಿಗೆ ಸುರಿಯುತ್ತಾರೆ. ಬಟ್ಟೆ ಕೆಂಪಗೆ ಹರಡುತ್ತದೆ. ಗುಂಡಿಯಲ್ಲಿ ಏನೂ ಉಳಿಯುವುದಿಲ್ಲ. ಹೆತ್ತವಳು ಮೊದಲ ದಿನ ಬಟ್ಟೆಯ ಮೇಲೆ ಮಲಗಿರಲಿ, ಆವಿಗೂಡು ಮರುದಿನ ಎಂಬುದು ಪಾಠ.

ಇವತ್ತಿನ ತರಗತಿಗೆ ಹೆಂಗಸರು ಒಬ್ಬೊಬ್ಬರೇ ಬಂದು ಕೂರುತ್ತಾರೆ. ಬೆನೀತಾ ದಾಸವಾಳದ ನೀರು ಸುರಿಯುವಾಗ ಗಮನ ತಪ್ಪಿ ಚೊಂಬು ಬಟ್ಟೆಯ ಆಚೆ ಬಾಗುತ್ತದೆ. ಹಿರಿಯ ಸೂಲಗಿತ್ತಿ ಬಾಸಿಲಿಯಾ ಛೇಡಿಸುತ್ತಾರೆ: "ನೆಲಕ್ಕೆ ಹೆರಿಗೆ ಮಾಡಿಸ್ತಿದ್ದೀಯೇನೇ?" ಎಲ್ಲರೂ ನಗುತ್ತಾರೆ. ಬೆನೀತಾ ಕಿಟಕಿಯತ್ತ ನೋಡುತ್ತಾರೆ.

ಆಗಲೇ ಹೊಗೆ ಏಳುತ್ತದೆ.

ಬೆಳ್ಳಗೆ, ದಟ್ಟವಾಗಿ ಸೈಪ್ರೆಸ್ ಮರಗಳನ್ನೇ ಮುಚ್ಚುವಷ್ಟು. ನಗು ನಿಲ್ಲುತ್ತದೆ. ಮಗು ಹುಟ್ಟಿದೆ, ಮಾರ್ತಾಳ ಅತ್ತೆ ಇಸಾಬೆಲಾ ಗೆದ್ದಿದ್ದಾರೆ. ಹೆರಿಗೆಮನೆಯಲ್ಲಿ ಅತ್ತೆಯ ಮಾತೇ ಕೊನೆ. ಎದುರಾಡಿದ ಸೂಲಗಿತ್ತಿಯನ್ನು ಆ ಗುಡ್ಡದಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ. ಫೌಸ್ತೀನಾಗೆ ಅದು ಗೊತ್ತು.

"ಅವಳೂ ತಲೆ ಆಡಿಸಿದ್ಲಾ ಹಾಗಾದ್ರೆ, ಇಷ್ಟು ದಿನ?" ಎಂದು ಬೆನೀತಾ ಮೆಲ್ಲಗೆ ಕೇಳುತ್ತಾರೆ. ಯಾರನ್ನು ಕೇಳಿದರೋ ತಿಳಿಯುವುದಿಲ್ಲ.

ಪಾಠ ಅಲ್ಲಿಗೇ ನಿಲ್ಲುತ್ತದೆ. ಹೊಳೆಗೆ ಹಾಸಿದ ದಿಮ್ಮಿಯನ್ನು ಗಂಡಸರು ಇನ್ನೂ ಬಿಗಿದಿಲ್ಲ. ಬೆನೀತಾ ಕೂತುಕೊಂಡೇ, ಪಾವಡೆ ಒದ್ದೆಯಾದರೂ ಲೆಕ್ಕಿಸದೆ ಜರುಗುತ್ತ ದಾಟುತ್ತಾರೆ, ಹಿಂದೆ ನಾನೂ. ಏರಿನಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುವಾಗ ಲೂಸಿಯಾಳ ಹೆಸರು ಹೇಳುತ್ತಾರೆ.

ಅಂಗಳ ಹೊಗೆಯಿಂದ ತುಂಬಿದೆ. ಇಸಾಬೆಲಾ ಕೆಮ್ಮುತ್ತ ಎದುರು ಬಂದು, "ಎಂಥೋಳನ್ನ ಕಳಿಸಿದೀಯವ್ವ, ಬೆಂಕಿ ಹಚ್ಚೋಕೂ ಬರಲ್ಲ ಇದಕ್ಕೆ. ಆಗಿಂದ ಊದ್ತಾ ಇದೆ, ಕಲ್ಲು ಬೆಚ್ಚಗೂ ಆಗಿಲ್ಲ" ಎನ್ನುತ್ತಾರೆ.

ಬೆನೀತಾ ಒಳಗೆ ನುಗ್ಗುತ್ತಾರೆ. ಮಾರ್ತಾ ಬಿಳಿ ಬಟ್ಟೆಯ ಮೇಲೆ ಕಂಬಳಿ ಹೊದ್ದು ಒರಗಿಕೊಂಡು ಜೋಳದ ಗಂಜಿ ಕುಡಿಯುತ್ತಿದ್ದಾಳೆ. ಮಗು ಎದೆಗೆ ಅಂಟಿಕೊಂಡಿದೆ. ಬೆನೀತಾ ಬಟ್ಟೆ ಎತ್ತಿ ನೋಡುತ್ತಾರೆ. ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು ತುಂಬ ಹೊತ್ತು ಹಾಗೆಯೇ ಇರುತ್ತಾರೆ. ಕಾಯಿಯ ಹಾಗೆ ಗಟ್ಟಿಯಾಗಿದೆ.

ಹೊರಗೆ ಫೌಸ್ತೀನಾ ಆವಿಗೂಡಿನ ಒಲೆಯ ಬಾಯಿಗೆ ಹಸಿ ಕೊಂಬೆ ತುರುಕುತ್ತಿದ್ದಾಳೆ. ಹೊಗೆಗೆ ಕಣ್ಣು ಕೆಂಪಾಗಿದೆ. ಬೆನೀತಾ ಅವಳ ಪಕ್ಕ ಕುಕ್ಕರಿಸಿ ಕೇಳುತ್ತಾರೆ, "ಒಣ ಸೌದೆ ಇರಲಿಲ್ವೇನೇ?"

"ಇತ್ತವ್ವ" ಎನ್ನುತ್ತಾಳೆ ಅವಳು, ತಲೆ ಎತ್ತದೆ. "ಅದರ ಮೇಲೇ ಕೂತಿದೀನಿ."

ಅವಳ ಪಾವಡೆಯ ಅಂಚಿನಿಂದ ಒಣ ಪೈನ್ ಸೌದೆಯ ಸೀಳುಗಳು ಇಣುಕುತ್ತಿವೆ. ಬೆನೀತಾ ಎದ್ದು ಅಂಗಳದ ಮೂಲೆಗೆ ಹೋಗುತ್ತಾರೆ. ಮಳೆಗೆ ತೊಯ್ದ ಒಂದು ಕೊಂಬೆಯನ್ನು ಹುಡುಕಿ ತಂದು ತಾವೂ ಒಲೆಗಿಡುತ್ತಾರೆ. ಇದು ಅವರು ಕಲಿಸಿದ ಪಾಠವಲ್ಲ. ಮುಂದಿನ ತರಗತಿಯಲ್ಲಿ ಫೌಸ್ತೀನಾಳೇ ಇದನ್ನು ಹೇಳಿಕೊಡಬೇಕು, ತಾವು ಹಿಂದಿನ ಬೆಂಚಿನಲ್ಲಿ ಕೂರಬೇಕು ಎಂಬುದು ಅವರ ಆಸೆ. ಇದನ್ನು ನನಗೆ ಹೇಳಿದ್ದು ಆಮೇಲೆ, ಹೊಳೆ ದಂಡೆಯಲ್ಲಿ.

ಅಂಗಳದಲ್ಲಿ ಇಸಾಬೆಲಾ ಮತ್ತೆ ಕೆಮ್ಮುತ್ತಾರೆ. ಕಲ್ಲು ಕಾಯುವುದು ಯಾವಾಗ ಎಂದು ಕೇಳುತ್ತಾರೆ.

"ನಾಳೆ ಹೊತ್ತಿಗೆ ಕಾಯ್ತದೆ ಅಕ್ಕ" ಎನ್ನುತ್ತಾರೆ ಬೆನೀತಾ, ಕಣ್ಣೊರೆಸಿಕೊಳ್ಳುತ್ತ. "ಬೆಂಕಿ ವಿಷಯ ಅವಳಿಗೆ ಬಿಡಿ. ನನಗಿಂತ ಚೆನ್ನಾಗಿ ಮಾಡ್ತಾಳೆ."