ಹೊಸ ಸೂಕ್ಷ್ಮದರ್ಶಕದ ಮೊದಲ ಕೆಲಸ

ಕೊಳ್ಳೇಗಾಲದ ಸರ್ಕಾರಿ ರೇಷ್ಮೆ ಪರೀಕ್ಷಾಲಯದಲ್ಲಿ ನಾನು ಗುಮಾಸ್ತನಾಗಿದ್ದಾಗ, ಚಿಟ್ಟೆ ನೋಡುವವರು ಒಬ್ಬರಿದ್ದರು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ತಾಯಿಯಿಂದ ಮೊಟ್ಟೆಗೆ ಇಳಿದು ಹುಳುಗಳನ್ನು ಕೊಲ್ಲುವ ಗಂಟುರೋಗವನ್ನು ಸೂಕ್ಷ್ಮದರ್ಶಕದಡಿ ಹುಡುಕುವುದು ಅವರ ಕೆಲಸ. ಅವರು ಪಾಸು ಮಾಡಿದ ಮೊಟ್ಟೆಯೇ ರೈತರ ಮನೆ ಸೇರುತ್ತಿತ್ತು. ಮನುಷ್ಯರೊಡನೆ ಮಾತಾಡುವಾಗಲೂ ಎಡಗಣ್ಣು ಮುಚ್ಚುತ್ತಿದ್ದರು. "ಕಂಡಿದ್ನ ಹೇಳ್ಬೇಕು ಕಣ್ರೀ" ಎನ್ನುವುದು ಅವರ ಮಾತು.

ಹಳೆಯ ಮಸೂರ ಮಸುಕಾಗಿತ್ತು. ಹೊಸದಕ್ಕಾಗಿ ಮದರಾಸಿಗೆ ಬರೆದು ಬರೆದು ನನ್ನ ಕೈ ಸೋತಿತ್ತು. ಕೊನೆಗೂ ಸರ್ಕಾರದ ಅನುದಾನದಲ್ಲಿ ಹೊಸ ಸೂಕ್ಷ್ಮದರ್ಶಕ ಬಂತು. ನಾವು ಅದಕ್ಕೆ ಹೂ ಮುಡಿಸುತ್ತಿದ್ದರೆ, ಅವರು ಹೋದ ತಿಂಗಳು ಪಾಸು ಮಾಡಿದ ತಂಡದಲ್ಲಿ ಅರೆಯದೆ ಒಣಗಿಸಿಟ್ಟಿದ್ದ ಚಿಟ್ಟೆಗಳನ್ನು ತಂದು ಅರೆದರು. ನೋಡಿದವರೇ ಛತ್ರಿ ತೆಗೆದುಕೊಂಡು ಎದ್ದರು. ರೋಗವಿತ್ತು.

"ಹುಳ ಸತ್ರೆ ರೈತ್ರು ಹವಾಮಾನ ಅಂದ್ಕೋತಾರೆ ಬಿಡಿ" ಎಂದೆ.

"ಕಂಡಿದ್ನ ಹೇಳ್ಬೇಕು ಕಣ್ರೀ" ಎನ್ನುತ್ತ ಅಜ್ಜೀಪುರದ ಬಸ್ಸು ಹತ್ತಿದರು. ನಾನೂ ಹೋದೆ.

ಆ ಮೊಟ್ಟೆ ಒಯ್ದಿದ್ದ ಮನೆಯಲ್ಲಿ ಹುಳುಗಳು ಸರಸರನೆ ಎಲೆ ಮೇಯುತ್ತಿದ್ದವು.

"ಚೆಂದಾಗೇ ಅವಲ್ಲ ಸಾ?" ಎಂದಳು ಮನೆಯಾಕೆ.

"ಈಗ ಚೆಂದಾಗವೆ ಕಣವ್ವಾ. ಗೂಡು ಕಟ್ಟಕ್ ಮುಂಚೆ ಸಾಯ್ತವೆ, ಪಕ್ಕದ ಮನೆ ಹುಳಕ್ಕೂ ರೋಗ ಅಂಟಿಸ್ತವೆ. ನಂಗೆ ಕಾಣ್ನಿಲ್ಲ. ತಪ್ಪು ನಂದು."

ಆಕೆ ಬಾಯಿಗೆ ಬಂದಂತೆ ಬೈದಳು. ಅವರು ತಲೆ ಬಗ್ಗಿಸಿ ಬೈಸಿಕೊಂಡು, ಹುಳುಗಳಿದ್ದ ತಟ್ಟೆಗಳನ್ನು ತಾವೇ ಹೊತ್ತು ಬೆಂಕಿಗೆ ಸುರಿದರು.

ಅನುದಾನದಿಂದ ಆದ ಪ್ರಯೋಜನವೇನೆಂದು ಕೇಳಿ ಮದರಾಸಿನಿಂದ ಕಾಗದ ಬಂತು.

"ಏನಂತ ಬರೀಲಿ?" ಎಂದೆ.

ಅವರು ಎಡಗಣ್ಣು ಮುಚ್ಚಿದರು.

"ನನ್ನ ತಪ್ಪು ಕಾಣ್ತು ಅಂತ ಬರೀರಿ."